ಶಾಲೆಯ ಗಡಿ ಯಾರಿಗೆ?

ಮೇ ತಿಂಗಳು ಕಾಲಿಡುತ್ತಲೇ ನಮ್ಮ ಮನೆಗಳಲ್ಲಿ ಮಾವಿನ ಹಣ್ಣಿನ ಮಾತಿಗಿಂತ ಶಾಲೆಯ ಮಾತೇ ಹೆಚ್ಚಾಗುವುದು ಈಗ ವಾಡಿಕೆಯಾಗಿದೆ. ಯಾವ ಶಾಲೆ, ಯಾವ ಮಾಧ್ಯಮ, ಡೊನೇಶನ್ ಎಷ್ಟು, ವ್ಯಾನು ಮನೆಯ ಬಾಗಿಲಿಗೆ ಬರುವುದೋ ಇಲ್ಲವೋ ಎಂಬ ಪ್ರಶ್ನೆಗಳು ಅಡುಗೆಮನೆಯಿಂದ ಪಡಸಾಲೆಯವರೆಗೆ ಓಡಾಡುತ್ತವೆ. ಈ ಅಂಕಣಕ್ಕೂ ಆ ಕುರಿತ ಪತ್ರಗಳು ಬರುವುದುಂಟು. ಈ ಸಲ ಬಂದವುಗಳಲ್ಲಿ ಎರಡು ಪತ್ರಗಳು ಒಂದಕ್ಕೊಂದು ಎದುರಾಗಿ ನಿಂತಂತೆ ಕಂಡದ್ದರಿಂದ ಅವನ್ನೇ ಹಿಡಿದು ನಾಲ್ಕು ಮಾತು ಬರೆಯಬೇಕೆನ್ನಿಸಿತು.

ಮೊದಲನೆಯದನ್ನು ಬರೆದವರು ಒಬ್ಬ ವ್ಯಾಪಾರಿ ಗೃಹಸ್ಥರು. ಊರಿನ ಸರ್ಕಾರಿ ಶಾಲೆಯಿಂದ ಇಬ್ಬರು ಮಕ್ಕಳನ್ನು ಬಿಡಿಸಿ ತಾಲೂಕು ಸ್ಥಳದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದಾರೆ. ಊರ ಹಿರಿಯರು ಇದನ್ನು ಆಕ್ಷೇಪಿಸಿದರಂತೆ. ತನ್ನ ದುಡಿಮೆಯ ಹಣದಿಂದ ತನ್ನ ಮಕ್ಕಳಿಗೆ ತನಗೆ ಸರಿಕಂಡ ಶಾಲೆಯನ್ನು ಆರಿಸುವ ಹಕ್ಕು ತಂದೆಗಿಲ್ಲವೇ ಎಂದು ಅವರು ಕೇಳುತ್ತಾರೆ. ಎರಡನೆಯದು ನಗರವೊಂದರಲ್ಲಿ ಹೊಲಿಗೆ ಮಾಡಿ ಸಂಸಾರ ತೂಗಿಸುತ್ತಿರುವ ತಾಯಿಯೊಬ್ಬರದು. ಅವರ ಹಿರಿಯ ಮಗನಿಗೆ 2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅಡಿಯಲ್ಲಿ ಮನೆಯ ಬಳಿಯ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ದೊರೆಯಿತು. ನಾಲ್ಕು ವರ್ಷಗಳ ಅನಂತರ ಕಿರಿಯವನಿಗೆ ಅರ್ಜಿ ಹಾಕಲು ಹೋದಾಗ, ನಿಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ, ಆದ್ದರಿಂದ ಈ ಸೌಲಭ್ಯ ನಿಮಗಿಲ್ಲ ಎಂಬ ಉತ್ತರ ಸಿಕ್ಕಿತು. ಮನೆಯೂ ಬದಲಾಗಿಲ್ಲ, ವಾರ್ಡೂ ಬದಲಾಗಿಲ್ಲ, ಸರ್ಕಾರಿ ಶಾಲೆ ಮೊದಲೂ ಅಲ್ಲೇ ಇತ್ತು. ಹಾಗಿದ್ದ ಮೇಲೆ ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಎರಡು ನ್ಯಾಯವೇಕೆ ಎಂಬುದು ಆ ತಾಯಿಯ ಪ್ರಶ್ನೆ.

ಈ ಎರಡನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಮೊದಲನೆಯದೂ ತಾನಾಗಿ ತಿಳಿಯಾದೀತು. ಅದಕ್ಕೆ ಕಾಯ್ದೆಯ ಸ್ವರೂಪವನ್ನು ಸ್ವಲ್ಪ ಅರಿಯಬೇಕು. 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 21-ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. ಇದನ್ನು ಕಾರ್ಯರೂಪಕ್ಕೆ ತರುವ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆ ಕಾಯ್ದೆಯಲ್ಲಿ ‘ನೆರೆಹೊರೆಯ ಶಾಲೆ’ ಎಂಬ ಮಾತು ಬರುತ್ತದೆ. ಪ್ರತಿ ನೆರೆಹೊರೆಯಲ್ಲೂ ಶಾಲೆಯಿರುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು ಅದು ಹೇಳುತ್ತದೆ. ಐದನೆಯ ತರಗತಿಯವರೆಗಿನ ಮಕ್ಕಳಿಗೆ 1 ಕಿಲೋಮೀಟರ್, ಆರರಿಂದ ಎಂಟನೆಯ ತರಗತಿಯವರಿಗೆ 3 ಕಿಲೋಮೀಟರ್ ಒಳಗೆ ಎಂದು ನಿಯಮಗಳು ಅಳತೆಯನ್ನೂ ಕೊಟ್ಟವು. ಇದು ಸರ್ಕಾರವನ್ನು ಕಟ್ಟುವ ಮಾತು; ಮಗುವನ್ನು ಕಟ್ಟುವ ಮಾತಲ್ಲ ಎಂಬುದನ್ನು ಇಲ್ಲಿಯೇ ಗಮನಿಸಿರಿ.

ಅದೇ ಕಾಯ್ದೆಯ 12ನೆಯ ಕಲಮಿನಲ್ಲಿ ಇನ್ನೊಂದು ಏರ್ಪಾಡಿದೆ. ಅನುದಾನರಹಿತ ಖಾಸಗಿ ಶಾಲೆಗಳು ತಮ್ಮ ಪ್ರವೇಶ ತರಗತಿಯ ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ಹಾಗೂ ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು, ಎಂಟನೆಯ ತರಗತಿಯವರೆಗೆ ಉಚಿತವಾಗಿ ಓದಿಸಬೇಕು. ಸರ್ಕಾರವು ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ ಅಥವಾ ಖಾಸಗಿ ಶಾಲೆಯ ನಿಜವಾದ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಆ ಶಾಲೆಗೆ ತುಂಬಿಕೊಡಬೇಕು. ಖಾಸಗಿ ಶಾಲೆಗಳವರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 2012ರ ಏಪ್ರಿಲ್ 12ರಂದು ಕಾಯ್ದೆಯನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ದೊರೆಯಿತು. 2014ರ ಮೇ 6ರ ಇನ್ನೊಂದು ತೀರ್ಪು ಆ ವಿನಾಯಿತಿಯನ್ನು ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ವಿಸ್ತರಿಸಿತು. (ಆಮೇಲೆ ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆದ ಶಾಲೆಗಳ ಕಥೆಯೇ ಬೇರೆ, ಅದನ್ನಿಲ್ಲಿ ಬಿಡೋಣ.) ನಮ್ಮ ರಾಜ್ಯದಲ್ಲಿ ಈ ಸೀಟುಗಳ ಮಟ್ಟಿಗೆ ನೆರೆಹೊರೆ ಎಂದರೆ ಹಳ್ಳಿಗಳಲ್ಲಿ ಕಂದಾಯ ಗ್ರಾಮ, ನಗರಗಳಲ್ಲಿ ವಾರ್ಡು ಎಂದು ಗೊತ್ತುಮಾಡಲಾಯಿತು. ಅರ್ಜಿಗಳು ಹೆಚ್ಚಿದ್ದರೆ ಲಾಟರಿ. ಹೊಲಿಗೆಯ ತಾಯಿಯ ಹಿರಿಯ ಮಗನಿಗೆ ಸೀಟು ದೊರೆತದ್ದು ಹೀಗೆ.

2019ರ ಜನವರಿಯ ಕೊನೆಯಲ್ಲಿ ಕರ್ನಾಟಕ ಸರ್ಕಾರವು ನಿಯಮವನ್ನು ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಅಲ್ಲಿನ ಖಾಸಗಿ ಶಾಲೆಗಳಲ್ಲಿ ಈ ಉಚಿತ ಸೀಟು ಇರುವುದಿಲ್ಲ ಎಂಬುದು ತಿದ್ದುಪಡಿಯ ತಿರುಳು. ಸರ್ಕಾರಿ ಶಾಲೆ ಇಲ್ಲದ ಊರು, ವಾರ್ಡು ನಮ್ಮಲ್ಲಿ ವಿರಳ. ಆದ್ದರಿಂದ ಹಿಂದಿನ ವರ್ಷ ಒಂದು ಲಕ್ಷವನ್ನು ಮೀರಿದ್ದ ಸೀಟುಗಳು ಒಮ್ಮೆಲೇ ಇಪ್ಪತ್ತು ಸಾವಿರದ ಕೆಳಗೆ ಇಳಿದವು. ಉಳಿದವೂ ಮುಂದೆ ಪೂರ್ತಿ ತುಂಬಲಿಲ್ಲ. ಅದಾಗಲೇ ಸೇರಿದ್ದ ಮಕ್ಕಳು ಮುಂದುವರಿದರು, ಹೊಸಬರಿಗೆ ಬಾಗಿಲು ಮುಚ್ಚಿತು. ರಾಜ್ಯ ಹೈಕೋರ್ಟು 2019ರ ಮೇ ತಿಂಗಳಲ್ಲಿ ಈ ತಿದ್ದುಪಡಿಯನ್ನು ಒಪ್ಪಿತು. ಐದು ವರ್ಷಗಳ ಮೇಲೆ, 2024ರ ಫೆಬ್ರವರಿಯಲ್ಲಿ, ನೆರೆಯ ಮಹಾರಾಷ್ಟ್ರವೂ ಇಂಥದೇ ನಿಯಮ ಮಾಡಿತು. ಆದರೆ ಮುಂಬಯಿ ಹೈಕೋರ್ಟು ಅದೇ ವರ್ಷದ ಜುಲೈಯಲ್ಲಿ ಅದು ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿತು, ಸುಪ್ರೀಂ ಕೋರ್ಟೂ ಆಗಸ್ಟಿನಲ್ಲಿ ಆ ತೀರ್ಪನ್ನು ಮುಟ್ಟಲಿಲ್ಲ. ಕೃಷ್ಣೆಯ ಮೇಲ್ದಂಡೆಯಲ್ಲಿ ಒಂದು ನ್ಯಾಯ, ಕೆಳದಂಡೆಯಲ್ಲಿ ಇನ್ನೊಂದು ನ್ಯಾಯ ಎಂಬಂತಾಯಿತು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ತನ್ನ ಶಾಲೆಗಳ ಬೆಂಚುಗಳು ಬರಿದಾಗುತ್ತಿರುವಾಗ ಅದೇ ಬೊಕ್ಕಸದ ಹಣವನ್ನು ಪಕ್ಕದ ಬೀದಿಯ ಖಾಸಗಿ ಶಾಲೆಗೆ ಸುರಿಯುವುದೇಕೆ ಎಂದು ಅದು ಕೇಳಿತು. ಊರಿನ ಮಕ್ಕಳು ಊರಿನ ಶಾಲೆಯಲ್ಲೇ ಓದಲಿ ಎಂಬುದು ಒಳ್ಳೆಯ ಮಾತೇ. ಆದರೆ ಆ ಮಾತನ್ನು ಹೇಳಿದ್ದು ಯಾರಿಗೆ? ಹಣ ಕಟ್ಟಬಲ್ಲವನಿಗೆ ವಾರ್ಡಿನ ಗಡಿ ಅಡ್ಡ ಬರಲಿಲ್ಲ. ಅವನ ಮಗು ಹತ್ತು ವಾರ್ಡು ದಾಟಿ, ತಾಲೂಕು ದಾಟಿ ಹೋಗಬಹುದು. ಹಣವಿಲ್ಲದವನ ಮಗುವಿಗೆ ಮಾತ್ರ ಗಡಿ. ಸರ್ಕಾರವನ್ನು ಕಟ್ಟಲೆಂದು ಕಾಯ್ದೆ ತಂದ ‘ನೆರೆಹೊರೆ’ ಎಂಬ ಹಗ್ಗವನ್ನು ಬಿಚ್ಚಿ ಬಡವನ ಮಗುವಿನ ಕಾಲಿಗೆ ಕಟ್ಟಿದಂತಾಯಿತು.

ನೆರೆಹೊರೆಯ ಶಾಲೆ ಎಂಬ ಕಲ್ಪನೆಯನ್ನು ನಮ್ಮ ದೇಶದಲ್ಲಿ ವಿಸ್ತಾರವಾಗಿ ಮಂಡಿಸಿದವರು ಇದನ್ನು ಹೀಗೆ ನೆನೆದಿರಲಿಲ್ಲ. 1964ರಲ್ಲಿ ನೇಮಕಗೊಂಡು 1966ರಲ್ಲಿ ವರದಿ ಒಪ್ಪಿಸಿದ ಡಾ. ಡಿ. ಎಸ್. ಕೊಠಾರಿಯವರ ಆಯೋಗವು, ಜಾತಿ ಮತ ಸಿರಿತನ ಅಂತಸ್ತುಗಳ ಭೇದವಿಲ್ಲದೆ ಒಂದು ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಗೆ ಹೋಗಬೇಕೆಂದು ಸೂಚಿಸಿತು. ಅದಕ್ಕೆ ಆಯೋಗ ಕೊಟ್ಟ ಕಾರಣಗಳಲ್ಲಿ ಎರಡು ಇಂದಿಗೂ ಮನನಕ್ಕೆ ಯೋಗ್ಯವಾಗಿವೆ. ಉಳ್ಳವರು ತಮ್ಮ ಮಕ್ಕಳನ್ನು ಬೇರೆಯಾಗಿಟ್ಟು ಬೆಳೆಸಿದರೆ ಬಡವರ ಬದುಕಿನ ಅನುಭವದಿಂದ ವಂಚಿತರಾಗುವವರು ಆ ಮಕ್ಕಳೇ ಎಂಬುದು ಒಂದು. ಪ್ರಬಲರ ಮಕ್ಕಳೂ ಸಾರ್ವಜನಿಕ ಶಾಲೆಯಲ್ಲಿ ಕುಳಿತರೆ ಮಾತ್ರ ಪ್ರಬಲರು ಆ ಶಾಲೆಯ ಚಿಂತೆ ಮಾಡುತ್ತಾರೆ, ಆಗ ಅದು ಬೇಗ ಸುಧಾರಿಸುತ್ತದೆ ಎಂಬುದು ಇನ್ನೊಂದು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಾನ ಶಾಲಾ ವ್ಯವಸ್ಥೆಯನ್ನು ಕಾಗದದ ಮೇಲೆ ಒಪ್ಪಿತು. ಅದು ಕಾಗದ ಬಿಟ್ಟು ಕೆಳಗಿಳಿಯಲಿಲ್ಲ.

ಉಳ್ಳವರನ್ನೂ ಗಡಿಗೆ ಕಟ್ಟಲು ಹೊರಟಾಗ ಏನಾಯಿತೆಂಬುದಕ್ಕೆ ದೆಹಲಿಯ ಉದಾಹರಣೆ ಇದೆ. 2013ರ ಡಿಸೆಂಬರಿನಲ್ಲಿ ಅಲ್ಲಿನ ಉಪರಾಜ್ಯಪಾಲರು ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ ಅಂಕಗಳ ಕ್ರಮವೊಂದನ್ನು ಹೊರಡಿಸಿದರು: ನೂರರಲ್ಲಿ 70 ಅಂಕ ಶಾಲೆಯಿಂದ 8 ಕಿಲೋಮೀಟರ್ ಒಳಗಿನ ಮಕ್ಕಳಿಗೆ. ಹೆಸರುವಾಸಿ ಶಾಲೆಗಳಿಗೆ ದೂರದಿಂದ ಕಾರಿನಲ್ಲಿ ಮಕ್ಕಳನ್ನು ಕಳಿಸಬೇಕೆಂದಿದ್ದವರು, ಶಾಲೆಗಳವರು ನ್ಯಾಯಾಲಯಕ್ಕೆ ಹೋದರು. 2014ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಕ್ರಮವನ್ನು ರದ್ದುಮಾಡಿ, ಶಾಲೆಯನ್ನು ಆರಿಸಿಕೊಳ್ಳುವ ಹಕ್ಕು ಮಕ್ಕಳದು, ಪಾಲಕರದು ಎಂದಿತು. 2017ರಲ್ಲಿ ಸರ್ಕಾರದಿಂದ ಜಮೀನು ಪಡೆದ ಸುಮಾರು 300 ಶಾಲೆಗಳಿಗೆ ಮತ್ತೆ ದೂರದ ಮಿತಿ ಹಾಕಿದಾಗಲೂ ನ್ಯಾಯಾಲಯ ತಡೆ ಕೊಟ್ಟಿತು. ಆದರೆ ಅದೇ ದೆಹಲಿಯಲ್ಲಿ ಶೇಕಡಾ 25ರ ಸೀಟಿಗೆ ಬರುವ ಬಡ ಮಗುವಿಗೆ ಮೊದಲು 1 ಕಿಲೋಮೀಟರ್ ಒಳಗಿನವರು, ಸ್ಥಾನ ಉಳಿದರೆ 3 ಕಿಲೋಮೀಟರ್ ಒಳಗಿನವರು ಎಂಬ ಅಳತೆ ಹಾಕಲಾಗಿತ್ತು. ಪಾಲಕರ ಹಕ್ಕು ಎಂಬ ಮಾತು ಯಾರ ಬಾಯಲ್ಲಿ ಬಂದರೆ ನಿಲ್ಲುತ್ತದೆ, ಯಾರ ಬಾಯಲ್ಲಿ ಬಂದರೆ ನಿಲ್ಲುವುದಿಲ್ಲ ಎಂಬುದು ಓದುಗರಿಗೆ ಹೊಳೆದಿರಬೇಕು.

ಹಾಗಾದರೆ ಎಲ್ಲರಿಗೂ ಒಂದೇ ಗಡಿ ಹಾಕಿದ ದೇಶವಿಲ್ಲವೇ ಎಂದು ಕೇಳಿದರೆ, ಇದೆ. ದಕ್ಷಿಣ ಕೊರಿಯಾ ದೇಶವು 1974ರಿಂದ ಸಿಯೋಲ್ ಮತ್ತು ಬುಸಾನ್ ನಗರಗಳಲ್ಲಿ ಹೈಸ್ಕೂಲಿನ ಪ್ರವೇಶ ಪರೀಕ್ಷೆಯನ್ನು ತೆಗೆದು, ಸರ್ಕಾರಿ ಖಾಸಗಿ ಎನ್ನದೆ ಎಲ್ಲ ಶಾಲೆಗಳಿಗೂ ಆಯಾ ಶಾಲಾ ವಲಯದ ಮಕ್ಕಳನ್ನು ಲಾಟರಿಯಿಂದ ಹಂಚಿತು. ಉದ್ದೇಶ ಉದಾತ್ತವಾದದ್ದು. ಆದರೆ 1976ರಲ್ಲಿ ದೇಶದ ಅತ್ಯಂತ ಹೆಸರಾಂತ ಹೈಸ್ಕೂಲು ನದಿ ದಾಟಿ ಗಂಗ್ನಮ್ ಎಂಬ ಹೊಸ ಬಡಾವಣೆಗೆ ಸ್ಥಳಾಂತರವಾಯಿತು, ಬೇರೆ ಶಾಲೆಗಳೂ ಹಿಂಬಾಲಿಸಿದವು. ಹಣವಂತರು ಆ ವಲಯದಲ್ಲಿ ಮನೆ ಕೊಂಡರು. ಮನೆಗಳ ಬೆಲೆ ಗಗನಕ್ಕೇರಿತು. ಶಾಲೆಯ ಬಾಗಿಲಲ್ಲಿ ತಡೆದ ಹಣ ಮನೆಯ ಬಾಗಿಲಿನಿಂದ ಒಳಹೊಕ್ಕಿತು. ಶಾಲೆ ಶಾಲೆಗಳ ನಡುವೆ ಅಂತರ ಉಳಿದಿರುವ ತನಕ ನಕ್ಷೆಯ ಮೇಲೆ ಗೆರೆ ಎಳೆಯುವುದರಿಂದ ಮಾತ್ರ ಸಮಾನತೆ ಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಈಗ ನಮ್ಮ ವ್ಯಾಪಾರಿ ಬಂಧುಗಳ ಪ್ರಶ್ನೆಗೆ ಬರೋಣ. ಹಕ್ಕು ಇದೆಯೇ? ಇದೆ. 1994ರ ಭಾಷಾ ನೀತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಾಥಮಿಕ ಹಂತದಲ್ಲಿ ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬ ಆಯ್ಕೆ ಮಗುವಿನ ಪರವಾಗಿ ಪಾಲಕರದೇ, ಮಾತೃಭಾಷೆಯನ್ನು ಸರ್ಕಾರ ಹೇರಲಾಗದು ಎಂದು 2014ರ ಮೇ 6ರಂದು ತೀರ್ಪಿತ್ತಿತು. ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ವಿಸ್ತರಿಸಿದ ತೀರ್ಪು ಬಂದದ್ದೂ ಅದೇ ದಿನವೇ. ಕನ್ನಡವನ್ನು ಪ್ರೀತಿಸುವ ನನ್ನಂಥವರಿಗೆ ಆ ದಿನ ಸಂತೋಷದ್ದಾಗಿರಲಿಲ್ಲ. ಆದರೂ ತೀರ್ಪು ತೀರ್ಪೇ. ಆದ್ದರಿಂದ ಕಾನೂನಿನ ದೃಷ್ಟಿಯಿಂದ ಆ ಗೃಹಸ್ಥರು ತಪ್ಪು ಮಾಡಿಲ್ಲ. ಅವರು ಬಿಟ್ಟು ಹೋದ ಶಾಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನಷ್ಟೇ ಅವರ ಮುಂದಿಡುತ್ತೇನೆ.

ಒಂದರಿಂದ ಐದರವರೆಗಿನ ಒಂದು ಹಳ್ಳಿಯ ಶಾಲೆಯಲ್ಲಿ 62 ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60ರವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಹಾಗಾಗಿ ಆ ಊರಿಗೆ ಮೂವರು ಶಿಕ್ಷಕರು ಸಲ್ಲುತ್ತಾರೆ. ಅನುಕೂಲಸ್ಥರ ಎರಡು ಮನೆಗಳಿಂದ ಮೂರು ಮಕ್ಕಳು ಹಳದಿ ವ್ಯಾನು ಹತ್ತಿದರೆ ಉಳಿಯುವವರು 59. ಕಚೇರಿಯ ಲೆಕ್ಕದಲ್ಲಿ ಒಬ್ಬ ಶಿಕ್ಷಕರು ‘ಹೆಚ್ಚುವರಿ’ಯಾಗುತ್ತಾರೆ, ಮರುಹೊಂದಾಣಿಕೆಯ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ, ಬೇರೆ ಊರಿಗೆ ಹೋಗುತ್ತಾರೆ. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನೋಡಬೇಕು. ಒಂದರಿಂದ ಮೂರರವರೆಗೆ ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೋಣೆ. ನಾಲ್ಕು-ಐದು ಇನ್ನೊಂದು ಕೋಣೆ. ಒಬ್ಬರು ತರಬೇತಿಗೋ ಗಣತಿಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಉಳಿದೊಬ್ಬರೇ ಎಲ್ಲವನ್ನೂ ನೋಡಬೇಕು, ಬಿಸಿಯೂಟದ ಲೆಕ್ಕವನ್ನೂ ಸೇರಿಸಿ. ಇದನ್ನು ಕಂಡ ಮೂರನೆಯ ಮನೆಯವರು ಮರುವರ್ಷ ವ್ಯಾನಿಗೆ ಹೇಳುತ್ತಾರೆ. ಶಾಲೆ ಕೆಟ್ಟಿತೆಂದು ಜನ ಬಿಟ್ಟರೋ, ಜನ ಬಿಟ್ಟರೆಂದು ಶಾಲೆ ಕೆಟ್ಟಿತೋ ಎಂದು ಆಮೇಲೆ ವಿಂಗಡಿಸಲು ಬಾರದು.

ಶಿಕ್ಷಕರ ಹುದ್ದೆಗಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಇದೆ. ಅದರ ಸದಸ್ಯರು ಆ ಶಾಲೆಯಲ್ಲಿ ಓದುವ ಮಕ್ಕಳ ಪಾಲಕರು. ಇದು ಸರಿಯಾದ ನಿಯಮವೇ. ಆದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಎದುರು ಕುರ್ಚಿಯಲ್ಲಿ ಕುಳಿತು, ನಮ್ಮ ಊರಿಗೆ ಗಣಿತದ ಮೇಷ್ಟ್ರು ಏಕೆ ಬಂದಿಲ್ಲ ಎಂದು ಕೇಳಬಲ್ಲ ಮನೆಗಳು ಊರಲ್ಲಿ ನಾಲ್ಕೈದು ಇರುತ್ತವೆ. ಆ ನಾಲ್ಕೈದು ಮನೆಗಳ ಮಕ್ಕಳೇ ಮೊದಲು ಹೊರಡುತ್ತಾರೆ. ಅವರೊಡನೆ ಆ ಕೇಳುವ ಬಾಯಿಯೂ ಸಮಿತಿಯಿಂದ ಹೊರಡುತ್ತದೆ. ಉಳಿದವರು ಕೂಲಿಗೆ ಹೋಗುವವರು, ಸಭೆಗೆ ಬಂದರೆ ಒಂದು ದಿನದ ಪಗಾರ ಕಳೆದುಕೊಳ್ಳುವವರು. ಕೊಠಾರಿಯವರು ಹೇಳಿದ ಎರಡನೆಯ ಕಾರಣ ಇದೇ.

ನಾನು ಹುಟ್ಟಿದ ಊರಲ್ಲಿ ನಾಲ್ಕನೆಯ ಇಯತ್ತೆಯ ಆಚೆಗೆ ಶಾಲೆ ಇರಲಿಲ್ಲ. ಮಠದ ಪ್ರಸಾದನಿಲಯ ಇಲ್ಲದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಊರಿನ ಗಡಿ ದಾಟಿ ಓದುವುದು ದೋಷವೆಂದು ನಾನು ಹೇಗೆ ಹೇಳಲಿ? ಆದರೆ ಅಂದಿನ ಪ್ರಸಾದನಿಲಯಗಳು ಗಡಿ ದಾಟಿಸುತ್ತಿದ್ದುದು ಕೈಯಲ್ಲಿ ಕಾಸಿಲ್ಲದ ಮಕ್ಕಳನ್ನು. ಮನೆಮನೆಯ ಭಿಕ್ಷೆಯ ಜೋಳದಿಂದ ಆ ಕೆಲಸ ನಡೆಯಿತು. ಇಂದು ಗಡಿ ದಾಟಿಸುವುದು ಶುಲ್ಕದ ರಸೀದಿ. ಇದೇ ವ್ಯತ್ಯಾಸ.

ಸರ್ಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2019-20ರಲ್ಲಿ ಸುಮಾರು 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಪೂರ್ವಪ್ರಾಥಮಿಕದಿಂದ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಅವು ಚೆನ್ನಾಗಿ ನಡೆಯುವಲ್ಲಿ ಪಾಲಕರು ಖಾಸಗಿ ಶಾಲೆ ಬಿಡಿಸಿ ಇತ್ತ ಬಂದದ್ದೂ ಉಂಟು. ಆದರೆ ಸುತ್ತಲಿನ ಸಣ್ಣ ಶಾಲೆಗಳನ್ನು ಇವುಗಳಲ್ಲಿ ಸೇರಿಸುವ ಮಾತು 2025ರಲ್ಲಿ ಬಂದಾಗ ವಿರೋಧವೂ ಎದ್ದಿತು. ಆರು ವರ್ಷದ ಮಗು ನಡೆದು ಮುಟ್ಟಬಹುದಾದ ಶಾಲೆಯೇ ಇಲ್ಲವಾದರೆ, ಬಡವನನ್ನು ನೆರೆಹೊರೆಗೆ ಕಟ್ಟಿಹಾಕಿ ಆ ನೆರೆಹೊರೆಯಿಂದ ಶಾಲೆಯನ್ನೇ ಎತ್ತಿಕೊಂಡು ಹೋದಂತಾಗುವುದಿಲ್ಲವೇ?

ಹೊಲಿಗೆಯ ತಾಯಿಗೆ ಒಂದೆರಡು ವ್ಯಾವಹಾರಿಕ ಮಾತು. ಹಿರಿಯ ಮಗನ ಉಚಿತ ಓದು ಕಾಯ್ದೆಯಂತೆ ಎಂಟನೆಯ ತರಗತಿಗೆ ಮುಗಿದಿದೆ. ಒಂಬತ್ತರಿಂದ ಪೂರ್ಣ ಶುಲ್ಕವನ್ನು ಆ ಶಾಲೆ ಕೇಳಬಹುದು. ಶಾಲೆ ಬದಲಿಸಲು ಅವಮಾನ ಪಡಬೇಕಾಗಿಲ್ಲ. ಹತ್ತಿರದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವಿದೆಯೇ ಎಂದು ಮೊದಲು ವಿಚಾರಿಸಿರಿ. ಕಿರಿಯವನ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿರಿ, ಸಾಧ್ಯವಾದರೆ ಸದಸ್ಯರೇ ಆಗಿರಿ. ಇಷ್ಟು ನೇರವಾಗಿ ಪತ್ರ ಬರೆಯಬಲ್ಲವರು ಆ ಸಭೆಯಲ್ಲಿ ಬೇಕು.

ಕೊನೆಯದಾಗಿ, ನಮ್ಮದೇ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿರುವ ಓದುಗರಿಗೆ. 2019ರ ನಿಯಮದಲ್ಲಿ ಸರ್ಕಾರಿ ಶಾಲೆಯ ಜೊತೆಗೆ ಅನುದಾನಿತ ಶಾಲೆಯ ಹೆಸರೂ ಇತ್ತು ಎಂಬುದನ್ನು ಹಲವರು ಗಮನಿಸಿಲ್ಲ. ಅಂದರೆ, ಮಠಗಳು ಸಂಘಗಳು ಅರ್ಧ ಶತಮಾನದ ಹಿಂದೆ ತೆರೆದ ಕನ್ನಡ ಶಾಲೆ ವಾರ್ಡಿನಲ್ಲಿರುವುದೇ ಅಲ್ಲಿನ ಬಡ ಮಗುವಿಗೆ ಖಾಸಗಿ ಶಾಲೆಯ ಸೀಟು ಇಲ್ಲವೆನ್ನಲು ಸಾಕಾದ ಕಾರಣ. ಆ ಮಗುವಿಗೆ ನಾವೇ ಉತ್ತರವಾದೆವು. ಅನೇಕ ಕಡೆ ಒಂದೇ ಆವರಣದಲ್ಲಿ ಎರಡು ಶಾಲೆಗಳನ್ನು ಕಾಣುತ್ತೇವೆ: ಮುಂದೆ ಹೊಸ ಕಟ್ಟಡದ ಸಿಬಿಎಸ್‌ಇ ಶಾಲೆ, ಹಿಂದೆ ಹೆಂಚಿನ ಮಾಡಿನ ಅನುದಾನಿತ ಕನ್ನಡ ಶಾಲೆ. ಹಿಂದಿನದರಲ್ಲಿ ನಿವೃತ್ತರಾದವರ ಹುದ್ದೆ ತುಂಬಲು ಸರ್ಕಾರದ ಅನುಮತಿ ವರ್ಷಗಟ್ಟಲೆ ಬರುವುದಿಲ್ಲ ನಿಜ. ಅತಿಥಿ ಶಿಕ್ಷಕರಿಗೆ ಸಂಸ್ಥೆಯೇ ಸಂಬಳ ಕೊಡಬೇಕಾಗುತ್ತದೆ, ಅದೂ ನಿಜ. ಮುಂದಿನ ಕಟ್ಟಡದ ಪ್ರಯೋಗಾಲಯದ ಕೀಲಿಯನ್ನು ವಾರಕ್ಕೆ ಎರಡು ಮಧ್ಯಾಹ್ನ ಹಿಂದಿನ ಮಕ್ಕಳಿಗೆ ಕೊಡಲು ಯಾವ ಅನುಮತಿಯೂ ಬೇಕಿಲ್ಲ. ಈ ವರ್ಷದ ಸರ್ವಸಾಧಾರಣ ಸಭೆಯ ವರದಿ ಕೈಗೆ ಬಂದಾಗ, ಅದರಲ್ಲಿ ಹಿಂದಿನ ಶಾಲೆಗೆ ಎಷ್ಟು ಸಾಲುಗಳಿವೆ ಎಂದು ಎಣಿಸಿ ನೋಡಿ ನನಗೊಂದು ಕಾರ್ಡು ಬರೆಯಿರಿ.